ಎಲ್ಲಕ್ಕಿಂತ ಉದ್ದದ ಹಾಡು

ನನಗೆ ಇಂಗ್ಲಿಷ್ ಬರುವುದಿಲ್ಲ. ಅಂಗಡಿಯ ಬೋರ್ಡು ಓದುತ್ತೇನೆ, ನೂಲಿನ ಪೆಟ್ಟಿಗೆಯ ಮೇಲಿನ ಅಕ್ಷರ ಓದುತ್ತೇನೆ, ಅಷ್ಟೇ. ಆದರೂ ಒಂದು ಇಂಗ್ಲಿಷ್ ಹಾಡಿನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನಾನು ಮಗ್ಗ ನಿಲ್ಲಿಸಿ ಎದ್ದು ಬಂದು ಜಗಳ ತೆಗೆಯುವವನು. ಮೂವತ್ತು ವರ್ಷದ ಮೇಲಾಯಿತು ಅದು ನನ್ನ ಕಿವಿಯಲ್ಲಿ ಕೂತು. ಒಂದು ಹಾಡು ಎನ್ನುವುದೂ ತಪ್ಪು, ಹಾಡುಗಳ ಒಂದು ಇಡೀ ಸಂಸಾರ ಅದು. ಎರಡು ದೊಡ್ಡ ರೆಕಾರ್ಡು, ಎರಡಕ್ಕೂ ಎರಡೆರಡು ಬಾಜು, ಅಂದರೆ ಮಗ್ಗುಲು, ಮೊದಲಿನಿಂದ ಕೊನೆಯವರೆಗೆ ಒಬ್ಬನೇ ಹುಡುಗನ ಕಥೆ. ಎಪ್ಪತ್ತರ ದಶಕದಲ್ಲಿ ವಿಲಾಯಿತಿಯ ಉದ್ದಕೂದಲಿನ ಕೆಲವರು ಸೇರಿ ಮಾಡಿದ್ದು. ತಂಡದ ಹೆಸರು ಹೇಳುವುದಿಲ್ಲ. ಹೇಳಿದರೆ ಬಲ್ಲವರು ಬಂದು ನನಗೆ ಪಾಠ ಮಾಡುತ್ತಾರೆ. ಅಂಥ ಪಾಠ ಈಗಾಗಲೇ ಒಮ್ಮೆ ನನ್ನ ಮನೆಯಲ್ಲೇ ಆಗಿದೆ.

ಅದನ್ನು ನನಗೆ ಕೇಳಿಸಿದವನು ಹೊಳೆಪ್ಪ ಕಾಕಾ. ರಕ್ತಸಂಬಂಧದ ಕಾಕಾ ಅಲ್ಲ, ನಾವು ಬನಹಟ್ಟಿಯ ನೇಕಾರರು, ಅವನು ಗಲಗಲಿಯವನು, ಬೀರೇಶ್ವರನ ಒಕ್ಕಲು. ಅವನ ಅಪ್ಪ, ಅಜ್ಜ ಎಲ್ಲ ಡೊಳ್ಳಿನ ಮೇಳದಲ್ಲಿ ಹಾಡಿ ಹೆಸರಾದವರು. ಇವನು ಮಾತ್ರ ಹರೆಯದಲ್ಲಿ ಮುಂಬೈಗೆ ಹೋಗಿ ಒಂದು ರೆಕಾರ್ಡಿನ ಅಂಗಡಿಯಲ್ಲಿ ಬಹಳ ವರ್ಷ ದುಡಿದ. ಗಿರಾಕಿಗಳ ಜೊತೆ ಮಾತಾಡಿ ಆಡಿ ಇಂಗ್ಲಿಷ್ ಕಲಿತ. ಆಮೇಲೆ ಊರ ಕಡೆ ಬಂದು ರಬಕವಿಯ ಬಸ್ ಸ್ಟ್ಯಾಂಡಿನ ಹತ್ತಿರ ಕ್ಯಾಸೆಟ್ ಅಂಗಡಿ ಇಟ್ಟ. ಮಾರುತ್ತಿದ್ದದ್ದು ಡೊಳ್ಳಿನ ಪದ, ಭಜನೆ, ಸಿನಿಮಾ ಹಾಡು. ಹಿಂದಿನ ಕೋಣೆಯಲ್ಲಿ ಮಾತ್ರ ಒಂದು ರೆಕಾರ್ಡ್ ಪ್ಲೇಯರ್ ಇತ್ತು, ಅದರ ಪಕ್ಕದಲ್ಲಿ ಮಾರಾಟಕ್ಕಿಲ್ಲದ ಆ ಎರಡು ರೆಕಾರ್ಡು. ಕವರಿನ ಮೇಲೆ ಕಪ್ಪು ಸಮುದ್ರ, ಸಮುದ್ರದ ನಡುವೆ ಒಂದು ದೀಪದ ಗೋಪುರ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಮನೆ ಬಿಟ್ಟು ಹೊರಟೆ. ಕಾರಣ ಈಗ ನೋಡಿದರೆ ಸಣ್ಣದು. ಕಾಲೇಜಿನ ಆಸೆ ಬಿಡಿಸಿ ಅಪ್ಪ ನನ್ನನ್ನು ಮಗ್ಗಕ್ಕೆ ಹಚ್ಚಿದ್ದ. ನನ್ನಪ್ಪ ಅಣ್ಣಾಸಾಹೇಬ ಮಾತು ಕಡಿಮೆಯ ಮನುಷ್ಯ, ಆಡುವ ನಾಲ್ಕು ಮಾತಿನಲ್ಲಿ ಮೂರು ಬೈಗುಳ. ಒಂದು ದಿನ ನಾನು ರೇಡಿಯೊ ಕೇಳುತ್ತ ಮೈಮರೆತೆ. ಎಳೆ ಹರಿದದ್ದು ಕಾಣದೆ ಮದುವೆಗೆಂದು ಹೇಳಿ ಮಾಡಿಸಿದ್ದ ಸೀರೆ ಕೆಟ್ಟುಹೋಯಿತು. ಅಪ್ಪ ಎಲ್ಲ ಕೆಲಸಗಾರರ ಎದುರಿಗೆ, "ಇಂಥಾ ಮಗ ಇದ್ರೆಷ್ಟು, ಬಿಟ್ರೆಷ್ಟು" ಅಂದ. ಮಗ್ಗದ ಸದ್ದಿನಲ್ಲಿ ಕೂಗಿ ಹೇಳಬೇಕಾಗುತ್ತದಲ್ಲ, ಹಾಗಾಗಿ ಶೆಡ್ಡಿಗೆಲ್ಲ ಕೇಳಿಸಿತು. ಮರುದಿನ ಮಧ್ಯಾಹ್ನ ಬಟ್ಟೆ ಚೀಲಕ್ಕೆ ತುಂಬಿ, ಸಂಜೆಯ ಮುಂಬೈ ಬಸ್ಸು ಹಿಡಿಯಲು ರಬಕವಿಗೆ ಬಂದೆ.

ಕಾಕಾನ ಅಂಗಡಿಯಲ್ಲಿ ಚೀಲ ಇಟ್ಟು, "ಮುಂಬೈಕ ಹೊಂಟೇನ್ರಿ ಕಾಕಾ. ಮನ್ಯಾಗ ಹೇಳಬ್ಯಾಡ್ರಿ" ಅಂದೆ.

ಅವನು ಬುದ್ಧಿ ಹೇಳಲಿಲ್ಲ. "ಹೊಟ್ಟಿಗಿ ಏನರ ತಿಂದು ಬಾ, ರಾತ್ರಿ ಪೂರಾ ಬಸ್ಸಿನ್ಯಾಗ ಕುಂದರಬೇಕು" ಅಂದ ಅಷ್ಟೇ.

ನಾನು ಹೋಟೆಲಿಗೆ ಹೋಗಿ ಮಿರ್ಚಿ ಭಜಿ ತಿಂದು ಚಹಾ ಕುಡಿದು ಬರುವಷ್ಟರಲ್ಲಿ ಕಾಕಾ ಪ್ಲೇಯರಿನ ಧೂಳು ಒರೆಸುತ್ತಿದ್ದ. ಅಂಗಡಿಯ ಶಟರನ್ನು ಅರ್ಧ ಎಳೆದ. "ಬಸ್ಸಿಗಿ ಇನ್ನೂ ಹೊತ್ತೈತಿ. ಕುಂದರು, ಒಂದು ಹಾಡ ಕೇಳಸ್ತೇನಿ" ಅಂದ. ಹಾಗೆ ಶುರುವಾದದ್ದು.

ಡೊಳ್ಳಿನ ಹಾಡಿಕೆ ಕೇಳಿದವರಿಗೆ ಗೊತ್ತು, ಹಾಡುಗಾರ ಒಂದಿಷ್ಟು ಹಾಡಿ ನಿಲ್ಲಿಸಿ ಮಾತಿನಲ್ಲಿ ಅರ್ಥ ಹೇಳುತ್ತಾನೆ, ಆಮೇಲೆ ಮುಂದಿನ ಪದ. ಕಾಕಾ ಇಂಗ್ಲಿಷ್ ಹಾಡಿಗೂ ಅದನ್ನೇ ಮಾಡಿದ. ಪ್ಲೇಯರಿನ ಮುಳ್ಳು ಎತ್ತಿ ಹಿಡಿದು ಅರ್ಥ ಹೇಳುವನು, ಮತ್ತೆ ಮುಳ್ಳು ಇಳಿಸುವನು. "ಸಮುದ್ರದಾಗ ಒಂದು ದೀಪದ ಗೋಪುರ ಐತಿ. ನಮ್ಮ ಹೊಳಿ ದಂಡ್ಯಾಗ ಅಂಬಿಗರು ಕಂದೀಲ ಕಟ್ಟತಿದ್ರಲ್ಲ, ಕತ್ತಲದಾಗ ದೋಣಿಗಿ ದಂಡಿ ಕಾಣ್ಲಿ ಅಂತ, ಹಂಗ. ಆ ದೀಪ ಕಾಯಾಂವನ ಮಗ ಈ ಹುಡುಗ. ಅಪ್ಪಗ ಮಗನಕಿಂತ ದೀಪದ ಮ್ಯಾಲ ಜೀವ. ಹುಡುಗ ಸಿಟ್ಟಿಗೆದ್ದು ದೋಣಿ ಬಿಚ್ಚಿಕೊಂಡು ಹೊಂಟ." ಅದು ಮೊದಲ ಬಾಜು. ಎರಡನೆಯದರಲ್ಲಿ ಪಟ್ಟಣ, ಗದ್ದಲ, ಹೆಸರು, ಕುಡಿತ. ಆಮೇಲೆ ಕಾಕಾ ಎರಡನೆಯ ರೆಕಾರ್ಡು ತೆಗೆದು, ಅದನ್ನು ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿದು ನಿಂತು, ತಿರುವಿ ಹಾಕಿದ. ಅದರಲ್ಲಿ ಹುಡುಗ, ನನಗೆ ಅಪ್ಪ ಇಲ್ಲ, ಅವ್ವ ಇಲ್ಲ, ನನ್ನ ದೀಪ ನಾನೇ ಅನ್ನುತ್ತಾನೆ. ಕೊನೆಯ ಬಾಜುವಿನಲ್ಲಿ ಬಿರುಗಾಳಿ ಏಳುತ್ತದೆ. ದಿಕ್ಕು ತಪ್ಪಿದ ದೋಣಿಗೆ ದೂರದಲ್ಲಿ ದೀಪ ಕಾಣುತ್ತದೆ. ಅಪ್ಪ ಬಾಗಿಲು ತೆರೆದು ನಿಂತಿದ್ದಾನೆ. ಗಿಟಾರು ಅಳುವುದನ್ನು ನಿಲ್ಲಿಸುತ್ತದೆ, ಪಿಯಾನೊ ಒಂದೇ ಮೆಲ್ಲಗೆ ನಡೆದು ಮನೆಯೊಳಗೆ ಹೋಗುತ್ತದೆ.

ನಡುವೆ ಎಲ್ಲೋ ಬಸ್ಸಿನ ಹಾರ್ನು ಕೇಳಿಸಿತ್ತು. ನಾನು ಏಳಲಿಲ್ಲ. ಹಾಡು ಮುಗಿದ ಮೇಲೆ ಚೀಲ ಹೆಗಲಿಗೇರಿಸಿ, ಬನಹಟ್ಟಿಯ ಕಡೆ ನಡೆದೆ. ಮನೆಯಲ್ಲಿ ಅಪ್ಪ ಊಟಕ್ಕೆ ಕೂತಿದ್ದ. ತಲೆ ಎತ್ತಲಿಲ್ಲ. ಅವ್ವ ನನಗೂ ತಾಟು ಇಟ್ಟಳು.

ಮುಂದಿನ ವರ್ಷ ಕಾರಹುಣ್ಣಿಮೆಯ ಹೊತ್ತಿಗೆ ಅಪ್ಪ ತೀರಿಕೊಂಡ. ಎದೆನೋವು ಎಂದು ಹೇಳುವುದಕ್ಕೂ ಅವನು ಮಾತು ಖರ್ಚು ಮಾಡಲಿಲ್ಲ. ಆದರೆ ಆ ಒಂದು ವರ್ಷ ನಾವು ಜೊತೆಗಿದ್ದೆವು. ಹಾಸಿನ ನೂಲು ಸುತ್ತಿದ ಬೀಮು ಮಗ್ಗಕ್ಕೆ ಏರಿಸುವುದು, ಅಂಚು ಕೂಡಿಸುವುದು, ಯಾವ ವ್ಯಾಪಾರಿಯ ಮಾತು ನಂಬಬೇಕು ಯಾರದು ಬೇಡ ಎಲ್ಲ ಕಲಿಸಿದ. ಒಮ್ಮೆ ಚಿಮ್ಮಡದ ಬೀಗರ ಮನೆಯಲ್ಲಿ ಊಟಕ್ಕೆ ಕೂತಾಗ, ನನ್ನ ಎದುರಿಗಲ್ಲ, ನನ್ನ ಬೆನ್ನ ಹಿಂದೆ, "ಹುಡುಗನ ಕೈ ಛಲೋ ಐತಿ" ಅಂದನಂತೆ. ಕೊನೆಗೆ ಅವನ ಬಾಯಿಗೆ ನೀರು ಬಿಟ್ಟವನು ನಾನೇ. ಮುಂಬೈಗೆ ಹೋಗಿದ್ದರೆ ಇದೊಂದೂ ಇರುತ್ತಿರಲಿಲ್ಲ. ಹಾಗಾಗಿ ಆ ಹಾಡಿನ ಋಣ ನನ್ನ ಮೇಲೆ ದೊಡ್ಡದು ಎಂದುಕೊಂಡೇ ಬದುಕಿದೆ. ಕಾಕಾ ರೆಕಾರ್ಡಿನಿಂದ ಎರಡು ಕ್ಯಾಸೆಟ್ ತುಂಬಿಸಿ ಕೊಟ್ಟಿದ್ದ, ಅವು ಸವೆದು ಸುರುಳಿ ಹೊರಬರುವ ತನಕ ಕೇಳಿದೆ.

ಕೇಳುತ್ತ ಕೇಳುತ್ತ ಅದರ ಹುಳುಕೂ ಗೊತ್ತಾಯಿತು. ಋಣ ಇದೆ ಎಂದು ಕಣ್ಣು ಮುಚ್ಚಿಕೊಳ್ಳುವ ಜಾತಿ ನನ್ನದಲ್ಲ. ಎರಡನೆಯ ಬಾಜು ಸುಮ್ಮನೆ ಹಿಗ್ಗಿಸಿದ್ದು. ಆರ್ಗನ್ ನುಡಿಸುವವನಿಗೆ ಯಾರೂ ಸಾಕು ಎನ್ನಲಿಲ್ಲ, ಅವನು ನಿಲ್ಲಿಸಲಿಲ್ಲ. ಒಂದು ಕಡೆ ಸಣ್ಣ ಮಕ್ಕಳ ಕೈಲಿ ಕೋರಸ್ ಹಾಡಿಸಿದ್ದಾರೆ. ಅಲ್ಲಿ ಅಳು ಬರಬೇಕು ಅಂತ ಅವರ ಲೆಕ್ಕ, ನನಗೆ ಆಕಳಿಕೆ ಬರುತ್ತಿತ್ತು. ಹಾಡುವವನಿಗೆ ತನ್ನ ಮೇಲೆ ತನಗೇ ಬಹಳ ಕನಿಕರ. ಆದರೆ ಆ ಡ್ರಮ್ಮು ಬಾರಿಸುವವನಿದ್ದಾನಲ್ಲ, ಅವನು ನಮ್ಮ ಶೆಡ್ಡಿನಲ್ಲಿ ಹುಟ್ಟಬೇಕಾದವನು. ಎಂಟು ಮಗ್ಗ ಒಟ್ಟಿಗೆ ಓಡುವಾಗ ಒಂದು ಮಗ್ಗ ಎಳೆಯಷ್ಟು ಹಿಂದೆ ಬೀಳುತ್ತದೆ, ಆ ಹಿಂದೆ ಬೀಳುವುದರಲ್ಲೇ ಒಂದು ತಾಳ ಇರುತ್ತದೆ. ಆ ತಾಳ ಅವನಿಗೆ ಗೊತ್ತಿತ್ತು. ಇನ್ನು ಕೊನೆಯ ಬಾಜುವಿನ ಪಿಯಾನೊ ಬಗ್ಗೆ ನಾನು ಕೆಟ್ಟ ಮಾತು ಆಡಲಾರೆ.

ಈ ವರ್ಷ ಕಬ್ಬಿನ ಸೀಜನ್ ಶುರುವಾದಾಗ ಮಗಳು ವೈಶಾಲಿ ನನಗೊಂದು ಹೆಡ್‌ಫೋನ್ ತಂದಳು. ಅವಳು ಜಮಖಂಡಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಮಗ್ಗದ ನಡುವೆ ಬಾಳಿದವರ ಕಿವಿ ಐವತ್ತರ ನಂತರ ಮಂದವಾಗುತ್ತದೆ, ನನ್ನದೂ ಆಗಿದೆ. ಟಿವಿಯ ಸದ್ದಿಗೆ ನನ್ನ ಹೆಂಡತಿ ಮಧುಮತಿ ದಿನಾ ಜಗಳ ಮಾಡುತ್ತಿದ್ದಳು. ವೈಶಾಲಿ ಹೆಡ್‌ಫೋನ್ ಹಾಕಿ, ಫೋನಿನಲ್ಲಿ ಏನೋ ಹುಡುಕಿ, "ಕಣ್ಣ ಮುಚ್ಚು ಪಪ್ಪಾ" ಅಂದಳು. ದೀಪದ ಗೋಪುರದ ಹಾಡು ಶುರುವಾಯಿತು.

ಎಂಥ ಸುಖ ಎಂದು ಹೇಗೆ ಹೇಳಲಿ. ಕ್ಯಾಸೆಟ್ಟಿನಲ್ಲಿ ಕೇಳದೇ ಇದ್ದ ಸಣ್ಣ ಸಣ್ಣ ಸದ್ದುಗಳು, ಅಲೆಯ ಸದ್ದು, ಬಾಗಿಲಿನ ಕಿರುಗುಟ್ಟು, ಎಲ್ಲ ಕಿವಿಯ ಹತ್ತಿರವೇ. ಆದರೆ ಎರಡನೆಯ ಬಾಜು ಮುಗಿದದ್ದೇ ಬಿರುಗಾಳಿ ಎದ್ದಿತು. ಇನ್ನೂ ಅವನು ಅಪ್ಪ ಇಲ್ಲ ಅವ್ವ ಇಲ್ಲ ಎಂದೇ ಇಲ್ಲ, ಆಗಲೇ ಮನೆಗೆ ಹೊರಟಿದ್ದ.

"ನಿನ್ನ ಫೋನ್ ಕೆಟ್ಟೈತಿ ನೋಡು" ಅಂದೆ. "ಅಪ್ಪ ಇಲ್ಲ ಅವ್ವ ಇಲ್ಲ ಅನ್ನೂ ಮೂರನೇ ಬಾಜು ಬಿಟ್ಟು ಮುಂದ ಹಾರೈತಿ."

ವೈಶಾಲಿ ನೋಡಿದಳು. "ಇಲ್ಲ ಪಪ್ಪಾ. ಬರೋಬ್ಬರಿ ಹೊಂಟೈತಿ. ಇದು ಮೂರನೇದು. ನೀ ಹೇಳೂದು ಇದರ ಮುಂದ ಬರ್ತೈತಿ."

ಬಂತು. ಪಿಯಾನೊ ಮನೆಯೊಳಗೆ ಹೋದದ್ದೇ ತಡ, ಡ್ರಮ್ಮು ಎದ್ದು ಬಡಿಯಿತು, ಹುಡುಗ ಚೀರಿದ, ಕೊನೆಗೆ ಹಡಗಿನ ಹಾರ್ನಿನಂಥ ಒಂದೇ ಸ್ವರ ಉದ್ದಕ್ಕೆ ಎಳೆದು, ಮುಗಿಯದೆ, ಯಾರೋ ಕತ್ತರಿಸಿದ ಹಾಗೆ ನಿಂತಿತು. ಆಮೇಲೆ ಏನೂ ಇಲ್ಲ.

ವೈಶಾಲಿ ಹಾಡಿನ ಸಾಲುಗಳನ್ನು ಫೋನಿನಲ್ಲಿ ತೆಗೆದು ಓದಿ ಅರ್ಥ ಹೇಳಿದಳು. ಪಾಪ, ಅವಳಿಗೇನು ಗೊತ್ತು. ತರಗತಿಯಲ್ಲಿ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು. "ಅಂವ ಮನಿಗಿ ಹೋಗೂದು ಕನಸು ಪಪ್ಪಾ. ಮೂರನೇದು ಪೂರಾ ಕನಸು. ನಾಕನೇದ್ರಾಗ ಪಟ್ಟಣದಾಗನ ಎಚ್ಚರ ಆಗ್ತಾನ. ಇನ್ನ ಮನಿ ಕಡೆ ಹೊಳ್ಳಿ ನೋಡಂಗಿಲ್ಲ ಅಂತಾನ. ಅದಕ್ಕ ಇದನ್ನ ಭಾಳ ದೊಡ್ಡ ಕೃತಿ ಅಂತಾರ, ಸುಳ್ಳ ಸಮಾಧಾನ ಹೇಳಂಗಿಲ್ಲ ಅದು."

"ಅಂದ್ರ ಅಂವ ಮನಿಗಿ ಹೋಗಲೇ ಇಲ್ಲ?"

"ಇಲ್ಲ."

ನನಗೆ ಎಷ್ಟು ಸಿಟ್ಟು ಬಂತೆಂದರೆ ಹೆಡ್‌ಫೋನ್ ತೆಗೆದಿಟ್ಟು ಊಟವನ್ನೂ ಮಾಡಲಿಲ್ಲ. ಮಧುಮತಿ, "ಹಾಡಿನ ಹುಡುಗ ಹೋದ್ರೇನ, ಬಿಟ್ರೇನ, ರೊಟ್ಟಿ ಆರಾಕತ್ತಾವು" ಅಂದಳು. ಅವಳ ಮಾತು ತಪ್ಪಲ್ಲ. ಆದರೆ ನನ್ನ ಸಂಕಟ ಬೇರೆ. ನಮ್ಮಂಥವರ ಬದುಕಿನಲ್ಲಿ ಸ್ವಂತ ತೀರ್ಮಾನ ಎಷ್ಟಿರುತ್ತವೆ? ಕಾಲೇಜು ಬಿಡಿಸಿದ್ದು ಅಪ್ಪ, ಹೆಣ್ಣು ನೋಡಿದ್ದು ಸೋದರಮಾವ, ಯಾವ ಸೀರೆ ನೇಯಬೇಕು ಎಂದು ಹೇಳುವವನು ವ್ಯಾಪಾರಿ. ಅವತ್ತು ಬಸ್ಸು ಬಿಟ್ಟು ಮನೆಗೆ ನಡೆದದ್ದು ಮಾತ್ರ ನನ್ನದು. ಅಪ್ಪ ಬಾ ಎಂದು ಕರೆದಿರಲಿಲ್ಲ, ನಾನೇ ಬಂದೆ. ಆ ಹೆಮ್ಮೆಯ ಜೊತೆಗೆ ಒಂದು ನೋವೂ ಇತ್ತು. ಅವನು ಒಂದೇ ಒಂದು ಸಲ ನನ್ನನ್ನು ಹುಡುಕಿಕೊಂಡು ಬರಬಹುದಿತ್ತಲ್ಲ ಅಂತ. ನೋವಿದ್ದರೂ ತೀರ್ಮಾನ ನನ್ನದಾಗಿತ್ತು. ಈಗ ಅದನ್ನೂ ಒಬ್ಬ ಕ್ಯಾಸೆಟ್ ಅಂಗಡಿಯವನು ರೆಕಾರ್ಡು ತಿರುವಿ ಹಾಕಿ ಮಾಡಿಸಿದ ಎಂದರೆ ನನ್ನದು ಅಂತ ಏನು ಉಳಿಯಿತು?

ಮರುದಿನ ಮಧ್ಯಾಹ್ನ ಕರೆಂಟು ಹೋಗಿ ಮಗ್ಗ ನಿಂತವು. ನಾನು ಶೆಡ್ಡಿನಲ್ಲಿ ಒಬ್ಬನೇ ಕೂತು ಇಡೀ ಹಾಡನ್ನು ಅವರ ಕ್ರಮದಲ್ಲೇ ಮತ್ತೆ ಕೇಳಿದೆ. ಬೈಯಲಿಕ್ಕೆಂದೇ ಕೂತಿದ್ದೆ. ಆದರೆ ಖರೆ ಹೇಳುತ್ತೇನೆ, ನಾಲ್ಕನೆಯ ಬಾಜು ಎಲ್ಲದಕ್ಕಿಂತ ಚೆನ್ನಾಗಿದೆ. ಕನಸಿನಿಂದ ಎದ್ದವನ ದನಿ ಹಾಗೇ ಇರುತ್ತದೆ. ಅದರ ಮುಂದೆ ಆ ಪಿಯಾನೊ ಸ್ವಲ್ಪ ಸಿಹಿ ಜಾಸ್ತಿಯಾದ ಹೋಳಿಗೆ ಅನಿಸಿತು. ಅದು ನನಗೆ ಇನ್ನೂ ಸಿಟ್ಟು ತರಿಸಿತು. ಒಳ್ಳೆಯದು ನಾಲ್ಕನೆಯದು, ನನಗೆ ಬೇಕಾದದ್ದು ಮೂರನೆಯದು. ಹೊರಗೆ ಬಂದು ಬೈಕ್ ಹತ್ತಿದೆ. ಕಾಕಾ ತಮಾಷೆಗೆ ನನ್ನನ್ನು ಚ್ಯಾಷ್ಟಿ ಮಾಡಿದ್ದರೆ ಇನ್ನು ಅವನ ಹೊಸ್ತಿಲು ತುಳಿಯುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡೇ ಹೊರಟೆ.

ಮುಧೋಳ ದಾಟುವ ತನಕ ದಾರಿ ತುಂಬ ಕಬ್ಬಿನ ಟ್ರ್ಯಾಕ್ಟರು. ಒಂದೊಂದಕ್ಕೂ ಎರಡೆರಡು ಟ್ರೇಲರು, ಒಂದೊಂದರಲ್ಲೂ ಕಿವಿ ಹರಿಯುವ ಹಾಡು. ನನ್ನ ಸಿಟ್ಟಿಗೆ ಅವರೆಲ್ಲ ಬೈಗುಳ ತಿಂದರು. ಗಲಗಲಿ ಮುಟ್ಟಿದಾಗ ಬಿಸಿಲು ಇಳಿದಿತ್ತು. ಕಾಕಾ ಅಂಗಡಿ ಮುಚ್ಚಿ ಊರಿಗೆ ಮರಳಿ ಬಹಳ ವರ್ಷವಾಗಿದೆ. ಈಗ ಮೊಣಕಾಲು ನೋವು, ಹೆಚ್ಚು ಅಡ್ಡಾಡುವುದಿಲ್ಲ. ಪಡಸಾಲೆಯಲ್ಲಿ ಹೊರಸಿನ ಮೇಲೆ ಕೂತಿದ್ದ. ಅವನ ಹೆಂಡತಿ ತಂಗೆವ್ವ ಜೋಳ ಹಸನು ಮಾಡುತ್ತಿದ್ದಳು.

"ಬಾರಪಾ ಕಲ್ಮೇಶ. ಮಾರಿ ಯಾಕ ಹಿಂಗ ಉರಿಯಾಕತ್ತೈತಿ?" ಅಂದಳು ಅವಳು.

"ಕಾಕಾ ನಂಗ ಸುಳ್ಳ ಹೇಳ್ಯಾರಿ" ಅಂದೆ. ಕೂರಲಿಲ್ಲ. "ಆ ಹಾಡಿನ್ಯಾಗ ಹುಡುಗ ಮನಿಗಿ ಹೋಗಂಗಿಲ್ಲಂತ. ನೀವು ನಾಕನೇ ಬಾಜು ಮೊದಲ ಹಚ್ಚಿ, ಮೂರನೇದು ಆಮ್ಯಾಲ ಹಚ್ಚಿದ್ರಿ. ಹೌದೋ ಅಲ್ಲೋ?"

ಕಾಕಾ ನನ್ನನ್ನು ನೋಡಿ ನಕ್ಕ. "ಹೌದು. ಇದನ್ನ ಕಂಡ ಹಿಡ್ಯಾಕ ಇಷ್ಟ ವರ್ಷ ಬೇಕಾತೇನೋ ನಿಂಗ?"

"ನಗಬ್ಯಾಡ್ರಿ. ಯಾಕ ಹಂಗ ಮಾಡಿದ್ರಿ?"

"ಮೊದಲ ಕುಂದರು."

ಕೂತೆ. ತಂಗೆವ್ವ ನೀರು ಕೊಟ್ಟಳು.

"ನಮ್ಮ ಮ್ಯಾಳದಾಗ ಒಂದು ರೀತಿ ಐತಿ" ಅಂದ ಕಾಕಾ. "ಹಾಡಿಕಿ ಎಷ್ಟರ ಹೊತ್ತಾಗ್ಲಿ, ಮಂಗಳಾರತಿ ಹಾಡಲಾರದ ಮಂದೀನ ಎಬ್ಬಸಂಗಿಲ್ಲ. ಕಥಿಯಾಗ ಯಾರರ ಸತ್ತಿದ್ರ, ಅಳಾಕತ್ತಿದ್ರ, ಅಲ್ಲೇ ಬಿಟ್ಟು ಏಳಂಗಿಲ್ಲ. ಕೇಳಿದಾಂವ ಆ ದುಃಖ ಹೊತ್ತುಕೊಂಡು ಮನಿಗಿ ಹೋಗಬಾರದು ಅಂತ. ಆ ನಾಕನೇ ಬಾಜುದಾಗ ಮಂಗಳ ಇಲ್ಲ. ಮೂರನೇದ್ರಾಗ ಐತಿ. ರೆಕಾರ್ಡ ಕೈಯಾಗ ಹಿಡದು ನಿಂತೆ. ಹೊರಗ ಬಸ್ಸು ಬರೂ ಹೊತ್ತು. ನಾಕನೇದು ಕೊನಿಗಿ ಕೇಳಿದ್ರ ನೀ ಚೀಲ ತಗೊಂಡು ಹೋಗೇ ಬಿಡತಿದ್ದಿ. ತಿರುವಿ ಹಾಕಿದೆ."

"ಅಂದ್ರ ನನ್ನ ನಿಂದರಸಬೇಕಂತ ಹಾಡ ಹಚ್ಚಿದ್ರಿ."

"ನಾ ಹಚ್ಚಲಿಲ್ಲ" ಅಂದ ಕಾಕಾ. "ನಿಮ್ಮಪ್ಪ ಹಚ್ಚಿಸಿದ."

ನನಗೆ ಕಿವಿ ಮಂದ. ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಹತ್ತಿರ ಸರಿದೆ. ಕಾಕಾ ದನಿ ಏರಿಸಿ ಮತ್ತೆ ಹೇಳಿದ.

ನಾನು ಮಿರ್ಚಿ ಭಜಿ ತಿನ್ನಲು ಹೋಗಿದ್ದೆನಲ್ಲ, ಆಗ ಅಪ್ಪ ಅಂಗಡಿಗೆ ಬಂದಿದ್ದ. ಅವ್ವ ಖಾಲಿ ಗೂಟ ನೋಡಿ, ಬಟ್ಟೆ ಇಲ್ಲ ಎಂದು ಶೆಡ್ಡಿಗೆ ಓಡಿ ಹೋಗಿ ಹೇಳಿದ್ದಳಂತೆ. ಅಪ್ಪ ಮೈಮೇಲಿನ ಬನಿಯನ್ನಿನಲ್ಲೇ, ತಲೆಯ ಮೇಲೆ ನೂಲಿನ ಧೂಳು ಹಾಗೇ ಇಟ್ಟುಕೊಂಡು ರಬಕವಿಗೆ ಬಂದಿದ್ದ. ಅಂಗಡಿಯಲ್ಲಿ ನನ್ನ ಚೀಲ ಕಂಡ. ಅದನ್ನು ಮುಟ್ಟಿ ನೋಡಿದ.

"ಹುಡುಗನ ಕರಕೊಂಡು ಹೋಗ್ರಿ ಅಣ್ಣಾಸಾಹೇಬ್ರ, ಇಲ್ಲೇ ಹೋಟೆಲಿಗಿ ಹೋಗ್ಯಾನ ಅಂದೆ" ಅಂದ ಕಾಕಾ. "ಒಲ್ಲೆ ಅಂದ. 'ನಾ ಕರದ್ರ ಬರಂಗಿಲ್ಲ ಅಂವ. ಎಲ್ಲಾರ ಮುಂದ ಅಂದೇನಿ. ನಾ ಕರದ್ರ ಮತ್ತಿಷ್ಟ ದೂರ ಹೊಕ್ಕಾನ' ಅಂದ. ಆಮ್ಯಾಲ ಅಂಗಡ್ಯಾಗ ಎಲ್ಲಾ ಕಡೆ ನೋಡಿದ. 'ಹೊಳೆಪ್ಪ, ನಿನ್ನ ಹಂತ್ಯಾಕ ಎಲ್ಲಕ್ಕಿಂತ ಉದ್ದನ ಹಾಡ ಯಾವುದೈತಿ, ಅದನ್ನ ಹಚ್ಚು. ಬಸ್ಸು ಹೋಗೂತನಕ ಅಂವ ಏಳಬಾರದು' ಅಂದ. ಡೊಳ್ಳಿನ ಪದದಾಗ ಉದ್ದನ್ನೂ ಅದಾವು, ಆದ್ರ ಅವು ನೀ ಕುಂತು ಕೇಳೂವಲ್ಲ. ನಂಗ ನೆನಪಾದದ್ದು ಇದೊಂದ."

ನನ್ನ ಅಪ್ಪನಿಗೆ ಹಾಡು ಅಂದರೆ ಆಗುತ್ತಿರಲಿಲ್ಲ. ರೇಡಿಯೊ ಕಂಡರೆ ಉರಿದು ಬೀಳುತ್ತಿದ್ದ. ಅವನಿಗೆ ಹಾಡಿನ ಬಗ್ಗೆ ಗೊತ್ತಿದ್ದದ್ದು ಒಂದೇ, ನಾನು ಹಾಡು ಕೇಳಲು ಕೂತರೆ ಏಳುವುದಿಲ್ಲ ಎನ್ನುವುದು. ಸೀರೆ ಕೆಟ್ಟದ್ದೇ ಅದರಿಂದ.

"ಹೇಳಿ ಮನಿಗಿ ಹೋದನೇನ್ರಿ?" ಎಂದು ಕೇಳಿದೆ.

"ಎಲ್ಲಿ ಹೋಗ್ತಾನ. ಎದರಿಗಿ ಹಗ್ಗದ ಅಂಗಡಿ ಕಟ್ಟಿ ಇತ್ತಲ್ಲ, ಅದರ ಮ್ಯಾಲ ಕುಂತ. ಅದಕ್ಕ ನಾ ಶಟರ ಅರ್ಧ ಎಳದದ್ದು, ನಿಂಗ ಅಂವ ಕಾಣಬಾರದು ಅಂತ. ಬಸ್ಸು ಬಂತು, ನಿಂತು, ಹೋತು. ಬಸ್ಸು ಹೋದಮ್ಯಾಲ ಎದ್ದು ಹೋಗ್ಬೇಕಿಲ್ಲ? ಹೋಗಲಿಲ್ಲ. ಹಾಡು ಮುಗಿಯೂತನಕ ಕುಂತ. ನೀ ಚೀಲ ತಗೊಂಡು ಎದ್ದದ್ದು ಸಪ್ಪಳ ಕೇಳಿದ ಕೂಡ್ಲೆ, ಅಂವ ಓಣಿ ಹಿಡದು ಓಡಿದ. ನಿನಕಿಂತ ಮೊದಲ ಮನಿ ಮುಟ್ಟಬೇಕಲ್ಲ. ಆ ವಯಸ್ಸಿನ್ಯಾಗ ಅಂವ ಓಡೂದು ನಾ ಅವತ್ತ ನೋಡಿದ್ದು."

ನಾನು ಅತ್ತೆ. ಐವತ್ತು ದಾಟಿದವನು, ಕಾಲೇಜಿನಲ್ಲಿ ಪಾಠ ಹೇಳುವ ಮಗಳಿದ್ದವನು, ತಂಗೆವ್ವನ ಎದುರಿಗೆ ಕೂತು ನಾಚಿಕೆ ಬಿಟ್ಟು ಅತ್ತೆ. ಆ ತೀರ್ಮಾನ ನನ್ನದಲ್ಲ ಎಂದು ಜಗಳಕ್ಕೆ ಬಂದಿದ್ದೆ. ನನ್ನದಾಗಿರಲಿಲ್ಲ, ನಿಜ. ಅದಕ್ಕಿಂತ ದೊಡ್ಡದು ಏನೋ ಸಿಕ್ಕಿತ್ತು. ಅವನು ನನ್ನನ್ನು ಹುಡುಕಿಕೊಂಡು ಬಂದಿದ್ದ. ತನಗೆ ಒಂದಕ್ಷರ ಅರ್ಥವಾಗದ, ತನಗೆ ಸೇರದ ಆ ದಡಬಡ ಸದ್ದನ್ನು, ಆರ್ಗನ್ನು, ಮಕ್ಕಳ ಕೋರಸ್ಸು ಎಲ್ಲ ಸೇರಿಸಿ, ನನಗೋಸ್ಕರ ಕಟ್ಟೆಯ ಮೇಲೆ ಕೂತು ಕೇಳಿದ್ದ. ಅದು ಇನ್ನೂ ಉದ್ದವಿರಲಿ ಎಂದು ಬೇಡಿಕೊಂಡಿದ್ದನೋ ಏನೋ. ಹಿಗ್ಗಿಸಿದ್ದು ಎಂದು ನಾನು ಬೈದ ಆ ಎರಡನೆಯ ಬಾಜುವಿಗೆ ಮನಸ್ಸಿನಲ್ಲೇ ಕೈಮುಗಿದೆ.

"ಇಷ್ಟ ವರ್ಷ ಯಾಕ ಹೇಳಲಿಲ್ರಿ ಕಾಕಾ?"

"ಹೇಳಬ್ಯಾಡ ಅಂತ ನಿಮ್ಮಪ್ಪ ನನ್ನ ಕೈಲೆ ಬೀರೇಶ್ವರನ ಭಂಡಾರ ಮುಟ್ಟಿಸಿ ಆಣಿ ತಗೊಂಡಿದ್ದ. ಹುಡುಗ ತಾನ ಬಂದೇನಿ ಅಂತ ತಿಳಕೊಳ್ಳಲಿ, ಅಂದ್ರ ಮನ್ಯಾಗ ತಲಿ ಎತ್ತಿ ಅಡ್ಡಾಡ್ತಾನ ಅಂದ. ಭಂಡಾರ ಮುಟ್ಟಿದ ಮ್ಯಾಲ ನಾ ಆಗೇ ಹೇಳಾಕ ಬರ್ತೈತೇನು? ಇವತ್ತ ನೀ ಜಗಳಕ್ಕ ಬಂದಿ. ಸುಳ್ಳ ಹೇಳಿದಾಂವ ಅಂದಿ. ದೇವರ ನನ್ನ ಮ್ಯಾಲ ಸಿಟ್ಟ ಆಗಂಗಿಲ್ಲ ಬಿಡು."

ತಂಗೆವ್ವ ಜೋಳದ ಮೊರ ಬದಿಗಿಟ್ಟು, "ನಂಗೂ ಹೇಳಿಲ್ಲ ನೋಡು ಈ ಮನಷ್ಯಾ" ಅಂದಳು. ಅವಳೂ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಮಾತು ಮುಗಿಯಿತು ಎಂದುಕೊಂಡೆ. ಕಾಕಾನಿಗೆ ಮತ್ತೇನೋ ನೆನಪಾಯಿತು. ಮರುದಿನ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲೇ ಅಪ್ಪ ಬಂದು ನಿಂತಿದ್ದನಂತೆ. "ಆ ಹಾಡಿನ್ಯಾಗ ಏನಿತ್ತು?" ಎಂದು ಕೇಳಿದನಂತೆ.

"ಒಬ್ಬ ಹುಡುಗ ಸಿಟ್ಟಿಗೆದ್ದು ಮನಿ ಬಿಟ್ಟು ಹೋಗಿರ್ತಾನ್ರಿ. ಕೊನಿಗಿ ಹೊಳ್ಳಿ ಬರ್ತಾನ" ಅಂದನಂತೆ ಕಾಕಾ.

"ಅವರಪ್ಪ ಏನಂತಾನ?"

"ಅದನ್ನ ಹಾಡಿಲ್ರಿ ಅಣ್ಣಾಸಾಹೇಬ್ರ. ಬಾಗಲಾ ತಗದು ನಿಂತಿರ್ತಾನ, ಅಷ್ಟ."

ಅಪ್ಪ, "ಅದನ್ನ ಹಾಡಾಕ ಬರಂಗಿಲ್ಲ ಬಿಡು" ಅಂದನಂತೆ. ಚಹಾ ತರಿಸುತ್ತೇನೆ ಎಂದರೂ ನಿಲ್ಲದೆ ಶೆಡ್ಡಿಗೆ ಹೊರಟನಂತೆ.

ಆ ಬೆಳಿಗ್ಗೆ ನನಗೆ ನೆನಪಿದೆ. ನಾನು ಅಪ್ಪನಿಗಿಂತ ಮೊದಲೇ ಹೋಗಿ ಮಗ್ಗ ಶುರು ಮಾಡಿದ್ದೆ. ಅವನು ಒಳಗೆ ಬಂದದ್ದು ಕಂಡು, ಇನ್ನೇನು ಬೈಯುತ್ತಾನೆ ಎಂದು ತಲೆ ತಗ್ಗಿಸಿ ಬಟ್ಟೆಯನ್ನೇ ನೋಡುತ್ತ ನಿಂತೆ. ಅವನು ಬಂದು ನನ್ನ ಹಿಂದೆ ನಿಂತ, ಏನೂ ಅನ್ನಲಿಲ್ಲ, ಬಹಳ ಹೊತ್ತು ನಿಂತೇ ಇದ್ದ. ನಾನು ತಿರುಗಿ ನೋಡಲಿಲ್ಲ.